ಆಟ ಕಟ್ಟಿದ್ದಾಯಿತು, ಆಡುವವರೆಲ್ಲಿ?

ರಜೆಗೆ ಮನೆಗೆ ಬಂದ ಮಗನೋ ಮಗಳೋ ರಾತ್ರಿ ಒಂದು ಗಂಟೆಯಾದರೂ ಕಂಪ್ಯೂಟರಿನ ಮುಂದಿನಿಂದ ಏಳುವುದಿಲ್ಲವೆಂದರೆ, ‘ಯಾವಾಗಲೂ ಆಟ’ ಎಂದು ಗದರುವುದು ನಮ್ಮ ಮನೆಗಳ ವಾಡಿಕೆ. ಆದರೆ ಇಂದು ಕೆಲವು ಮನೆಗಳಲ್ಲಾದರೂ ಮಕ್ಕಳು ಆಟ ಆಡುತ್ತಿರುವುದಿಲ್ಲ, ಆಟವನ್ನು ಕಟ್ಟುತ್ತಿರುತ್ತಾರೆ. ಅದಕ್ಕೆ ಬೇಕಾದ ಗೊಡೊದಂತಹ ತಂತ್ರಾಂಶಗಳು ಕಾಸಿಲ್ಲದೆ ಸಿಗುತ್ತವೆ. ಆರು ತಿಂಗಳೋ ಒಂದು ವರ್ಷವೋ ದುಡಿದು, ಒಂದು ಶುಭದಿನ ಅದನ್ನು ಲೋಕದ ಮುಂದಿಡುತ್ತಾರೆ. ಬಂಧುಗಳು, ಗೆಳೆಯರು ಬೆನ್ನು ತಟ್ಟುತ್ತಾರೆ. ಆಮೇಲೆ? ಆಮೇಲೆ ಏನೂ ಆಗುವುದಿಲ್ಲ. ಆಡಿದವರ ಲೆಕ್ಕ ಹದಿನೈದಕ್ಕೆ ನಿಂತಿರುತ್ತದೆ. ಅದರಲ್ಲಿ ಹನ್ನೆರಡು ಮಂದಿ ಸಹಪಾಠಿಗಳೇ!

ಈ ಮೌನವನ್ನು ತಾಳಿಕೊಳ್ಳುವುದು ಎಳೆಯ ಮನಸ್ಸಿಗೆ ಸುಲಭವಲ್ಲ. ‘ನನಗೆ ಯೋಗ್ಯತೆಯಿಲ್ಲ’ ಎಂದು ಕೈಚೆಲ್ಲುವವರುಂಟು. ಸಾಲ ತಂದು ಜಾಹೀರಾತಿಗೆ ಸುರಿಯುವವರುಂಟು. ‘ಪೂರ್ತಿ ಸಮಯ ಕೊಟ್ಟಿದ್ದರೆ ಗೆಲ್ಲುತ್ತಿದ್ದೆ’ ಎಂದು ಕಾಲೇಜು ಬಿಡಲು ಹೊರಡುವವರೂ ಉಂಟು. ಮೂರೂ ಅವಸರದ ತೀರ್ಮಾನಗಳೇ. ಆಟ ಚೆನ್ನಾಗಿಯೇ ಇದ್ದಿರಬಹುದು. ಆದರೆ ಆಡುವವರನ್ನು ಹುಡುಕುವ ಕೆಲಸ ಆಟ ಮುಗಿದ ಮೇಲೆ ಶುರುವಾದರೆ ತಡವಾಯಿತೆಂದೇ ಅರ್ಥ. ಅದು ಆಟ ಕಟ್ಟುವ ಕೆಲಸದ ಜೊತೆಜೊತೆಗೇ ಸಾಗಬೇಕು.

ಯಾಕೆ ಹೀಗೆ? ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿ ಸ್ಟೀಮ್. 2017ರಿಂದ ಅಲ್ಲಿ ಪ್ರತಿ ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಿ, ನಿಯಮ ಪಾಲಿಸಿದ ಯಾರು ಬೇಕಾದರೂ ತಮ್ಮ ಆಟವನ್ನು ತಾವೇ ಪ್ರಕಟಿಸಬಹುದು. ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18 ಸಾವಿರಕ್ಕೂ ಹೆಚ್ಚು. ಅಂದರೆ ದಿನಕ್ಕೆ ಸುಮಾರು ಐವತ್ತು. ಅಂಗಡಿಯವನು ಕಪಾಟಿನಲ್ಲಿ ಜಾಗ ಕೊಡುತ್ತಾನೆ, ಗಿರಾಕಿಯನ್ನು ಕರೆತಂದು ಕೊಡುವುದಿಲ್ಲ. ಸಂತೆಗೆ ಬುಟ್ಟಿ ಹೊತ್ತು ಬಂದವರು ಕೂಗದೆ ಕುಳಿತರೆ ಸಂಜೆಗೆ ಬುಟ್ಟಿಯನ್ನು ತುಂಬಿದ ಹಾಗೆಯೇ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಹಿಂದಿನವರು ಹೇಗೆ ಕೂಗಿದರು ನೋಡಿ. 1993ರ ಡಿಸೆಂಬರ್ 10ರಂದು ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಚಿಕ್ಕ ಸಂಸ್ಥೆ ‘ಡೂಮ್’ ಆಟವನ್ನು ಹೊರತಂದಿತು. ಅದರಲ್ಲಿನ ರಕ್ತಪಾತದ ಒಳಿತು ಕೆಡುಕು ಬೇರೆಯೇ ಚರ್ಚೆ. ಹಂಚಿದ ರೀತಿ ಮಾತ್ರ ಗಮನಿಸುವಂಥದ್ದು. ಮೂರು ಭಾಗಗಳಲ್ಲಿ ಮೊದಲನೆಯದು ಪೂರ್ತಿ ಉಚಿತ. ನಕಲು ಮಾಡಿ ಗೆಳೆಯರಿಗೂ ಕೊಡಿ ಎಂಬ ಅನುಮತಿ ಬೇರೆ. ರುಚಿ ಹತ್ತಿದವರು ಹಣ ಕಳಿಸಿ ಉಳಿದೆರಡನ್ನು ತರಿಸಿಕೊಳ್ಳಬೇಕು. ಆಟವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಏರಿಸಲು ಹೋದರೆ, ಮೊದಲೇ ಕಾದು ಕುಳಿತಿದ್ದವರ ನೂಕುನುಗ್ಗಲಿನಲ್ಲಿ ತಯಾರಕರಿಗೇ ಒಳಗೆ ಜಾಗವಿರಲಿಲ್ಲ! ಆ ಜನ ಆ ರಾತ್ರಿ ಹುಟ್ಟಿದವರಲ್ಲ. 1992ರ ‘ವುಲ್ಫೆನ್‌ಸ್ಟೈನ್’ ಆಟವನ್ನೂ ಹೀಗೆಯೇ ಹಂಚಿ ಗಳಿಸಿಕೊಂಡಿದ್ದ ಬಳಗ ಅದು.

ಕಾಯುವುದಕ್ಕೂ ಒಂದು ಉದಾಹರಣೆಯಿದೆ. ‘ಅಮಾಂಗ್ ಅಸ್’ ಆಟವನ್ನು ನಿಮ್ಮ ಮಕ್ಕಳು ಆಡಿಯೇ ಇರುತ್ತಾರೆ. ಇನ್ನರ್‌ಸ್ಲಾತ್ ಎಂಬ ಮೂವರ ತಂಡ ಅದನ್ನು 2018ರ ಜೂನ್‌ನಲ್ಲಿ ಬಿಡುಗಡೆ ಮಾಡಿದಾಗ ಕೇಳುವವರೇ ಇರಲಿಲ್ಲ. ಆದರೂ ಆಡುತ್ತಿದ್ದ ಪುಟ್ಟ ಬಳಗಕ್ಕಾಗಿ ತಂಡ ತಿದ್ದುಪಡಿ ಮಾಡುತ್ತಲೇ ಹೋಯಿತು. 2020ರಲ್ಲಿ ಕೊರೊನಾ ಕಾಲದಲ್ಲಿ ಆಟವಾಡುತ್ತ ನೇರಪ್ರಸಾರ ಮಾಡುವವರು ಅದನ್ನು ಕೈಗೆತ್ತಿಕೊಂಡರು, ಲೋಕವೆಲ್ಲ ಹಿಂಬಾಲಿಸಿತು. ಇದರಲ್ಲಿ ಅದೃಷ್ಟದ ಪಾಲು ದೊಡ್ಡದು, ನಿಜ. ಆದರೆ ಅದೃಷ್ಟ ಬಾಗಿಲಿಗೆ ಬಂದ ದಿನ ಆಟ ಸುಸ್ಥಿತಿಯಲ್ಲಿತ್ತು ಎಂಬುದನ್ನೂ ಮರೆಯಬಾರದು.

ಹಾಗಾದರೆ ವಿದ್ಯಾರ್ಥಿ ಮಾಡಬೇಕಾದುದೇನು?

ಮೊದಲನೆಯದು, ಅಪರಿಚಿತರ ಕೈಗೆ ಆಟ ಕೊಡುವುದು. ಹೆತ್ತವರಿಗೆ ಹೆಗ್ಗಣ ಮುದ್ದು. ಗೆಳೆಯರ ‘ಸೂಪರ್’ ಎಂಬ ಮಾತೂ ಆ ಜಾತಿಯದೇ. ಪರಿಚಯವಿಲ್ಲದವರ ಕೈಗೆ ಆಟ ಕೊಟ್ಟು ಪಕ್ಕದಲ್ಲಿ ತುಟಿ ಬಿಚ್ಚದೆ ಕುಳಿತಿರಿ. ‘ಅಲ್ಲಿ ಒತ್ತಿ’ ಎಂದು ಹೇಳಬಾರದು. ಅವರ ಕೈ ಎಲ್ಲಿ ತಡೆಯಿತು, ಎಲ್ಲಿ ನಕ್ಕರು, ಎಲ್ಲಿ ಬೇಸರವಾಗಿ ಕೆಳಗಿಟ್ಟರು ಎಂಬುದನ್ನು ಬರೆದುಕೊಳ್ಳಿ. ಕಾಲೇಜಿನ ಉತ್ಸವದಲ್ಲಿ ಒಂದು ಮೇಜು ಸಿಕ್ಕರೆ ಸಾಕು. ಈಗಂತೂ ಗೂಗಲ್ ಪ್ಲೇ, 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಇದನ್ನು ನಿಯಮವನ್ನಾಗಿಯೇ ಮಾಡಿದೆ: ಕನಿಷ್ಠ 12 ಮಂದಿ ಸತತ 14 ದಿನ ಪರೀಕ್ಷಕರಾಗಿರದೆ ಆಟವನ್ನು ಸಾರ್ವಜನಿಕರಿಗೆ ಬಿಡುವಂತಿಲ್ಲ.

ಎರಡನೆಯದು, ಆಟ ಯಾರಿಗಾಗಿ ಎಂದು ಗೊತ್ತುಮಾಡಿಕೊಳ್ಳುವುದು. ‘ಎಲ್ಲರಿಗೂ’ ಎಂದರೆ ಯಾರಿಗೂ ಅಲ್ಲ. ನೀವು ಚೌಕಾಬಾರವನ್ನೋ ಅಳಗುಳಿ ಮಣೆಯನ್ನೋ ಮೊಬೈಲಿಗೆ ತಂದಿದ್ದೀರಿ ಎನ್ನಿ. ಬಂದೂಕಿನ ಆಟ ಆಡುವ ಹುಡುಗರ ಹಿಂದೆ ಅಲೆದರೆ ಪ್ರಯೋಜನವಿಲ್ಲ. ಅಜ್ಜಿಯ ಜೊತೆ ಕವಡೆ ಉರುಳಿಸಿದ ನೆನಪಿರುವವರು, ಪರವೂರಿನಲ್ಲಿರುವ ಕನ್ನಡ ಕುಟುಂಬಗಳು, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂತೆ ಹಳೆಯ ಮಣೆಯಾಟಗಳಿಗೆ ಮರುಜೀವ ಕೊಡುತ್ತಿರುವವರು, ಅಂಥವರ ಸುತ್ತ ಸೇರುವ ಆಸಕ್ತರು: ನಿಮ್ಮ ಮೊದಲ ಆಟಗಾರರು ಇವರಲ್ಲೇ ಇದ್ದಾರೆ.

ಮೂರನೆಯದು, ಒಂದೇ ವಾಕ್ಯದಲ್ಲಿ ಆಟವನ್ನು ಹೇಳಲು ಕಲಿಯುವುದು. ಇಲ್ಲಿ ಆಡುವವರು ಏನು ಮಾಡುತ್ತಾರೆ? ಉತ್ತರಕ್ಕೆ ಎರಡನೆಯ ವಾಕ್ಯ ಬೇಕಾದರೆ ಇನ್ನೂ ಯೋಚಿಸಬೇಕು. ವೀಡಿಯೊ ಮಾಡುವುದಾದರೆ ಹೆಸರು, ಲಾಂಛನಗಳ ಮೆರವಣಿಗೆ ಬೇಡ. ಮೊದಲ ಕ್ಷಣದಿಂದಲೇ ಆಟವನ್ನು ತೋರಿಸಿ. ಇಲ್ಲದ್ದನ್ನು ಇದೆ ಎನ್ನಬೇಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಗಿರಾಕಿ ಹಣ ವಾಪಸು ಕೇಳಬಹುದು.

ನಾಲ್ಕನೆಯದು, ಅಂಗಡಿಯ ಪುಟವನ್ನು ತಿಂಗಳುಗಟ್ಟಲೆ ಮುಂಚೆಯೇ ತೆರೆಯುವುದು. ಮೆಚ್ಚಿದವರು ಆಟವನ್ನು ತಮ್ಮ ‘ವಿಶ್‌ಲಿಸ್ಟ್’ಗೆ, ಎಂದರೆ ಬಯಕೆಯ ಪಟ್ಟಿಗೆ, ಸೇರಿಸಿಕೊಂಡರೆ ಬಿಡುಗಡೆಯ ದಿನ ಸ್ಟೀಮ್ ತಾನೇ ಅವರಿಗೆ ಸುದ್ದಿ ಮುಟ್ಟಿಸುತ್ತದೆ. ‘ನೆಕ್ಸ್ಟ್ ಫೆಸ್ಟ್’ ಎಂಬ ಅಲ್ಲಿನ ಉತ್ಸವದಲ್ಲಿ ಬರಲಿರುವ ಆಟದ ಒಂದು ತುಣುಕನ್ನು ಪುಕ್ಕಟೆಯಾಗಿ ಆಡಿಸಬಹುದು. ಡೂಮ್‌ನವರ ಉಪಾಯವೇ ಇದು. ಒಂದು ಆಟಕ್ಕೆ ಒಂದೇ ಸಲ ಅವಕಾಶ; ಆದ್ದರಿಂದ ತುಣುಕು ಪಳಗಿದ ಮೇಲೆಯೇ ಹೋಗುವುದು ಲೇಸು.

ಒಂದು ಎಚ್ಚರಿಕೆಯ ಮಾತು. ಆಟ ಹೊರಬಂದೊಡನೆ ಅಂಚೆಪೆಟ್ಟಿಗೆಯಲ್ಲಿ ಹಿತೈಷಿಗಳು ಹುಟ್ಟಿಕೊಳ್ಳುತ್ತಾರೆ. ಪ್ರಸಿದ್ಧರ ಹೆಸರು ಹೇಳಿಕೊಂಡು ಉಚಿತ ಪ್ರತಿಗಳ ಸಂಕೇತಗಳನ್ನು ಕೇಳಿ ಬೇರೆಡೆ ಮಾರಿಕೊಳ್ಳುವವರಿದ್ದಾರೆ. ದುಡ್ಡು ಕೊಟ್ಟರೆ ಹೊಗಳಿಕೆಯ ವಿಮರ್ಶೆ ಬರೆಸುತ್ತೇವೆ ಎನ್ನುವವರಿದ್ದಾರೆ. ಮೊದಲಿನವರ ಗುರುತನ್ನು ಅವರ ಅಧಿಕೃತ ವಿಳಾಸದಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಎರಡನೆಯವರಿಗೆ ಉತ್ತರವನ್ನೇ ಬರೆಯಬೇಡಿ. ಕೊಂಡ ವಿಮರ್ಶೆ ನಿಯಮಕ್ಕೂ ವಿರುದ್ಧ, ಮರ್ಯಾದೆಗೂ ವಿರುದ್ಧ.

ಇನ್ನು ಪೋಷಕರಿಗೆ ಎರಡು ಮಾತು. ಹಣದ ಲೆಕ್ಕ ನೀವೂ ತಿಳಿದಿರಿ. ಇಚ್.ಐಒ ಎಂಬ ತಾಣದಲ್ಲಿ ಪ್ರಕಟಿಸಲು ಶುಲ್ಕವಿಲ್ಲ. ಮೊದಲ ಆಟಕ್ಕೆ ಅದೇ ಸಾಕು. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್. ಸ್ಟೀಮ್‌ನ 100 ಡಾಲರ್ ಹಿಂದಿರುಗುವುದು ಆಟದ ಗಳಿಕೆ 1000 ಡಾಲರ್ ಮುಟ್ಟಿದ ಮೇಲೆ. ಮಾರಾಟದಲ್ಲಿ ಶೇಕಡಾ 30 ಸಾಮಾನ್ಯವಾಗಿ ಅಂಗಡಿಯ ಪಾಲು. ಹದಿನೆಂಟು ತುಂಬದ ಮಕ್ಕಳಾದರೆ ಕರಾರಿಗೆ ಹಿರಿಯರ ಸಹಿ ಬೇಕಾಗುತ್ತದೆ. ಓದದೆ ಸಹಿ ಮಾಡಬೇಡಿ. ಇದಕ್ಕಾಗಿ ಸಾಲವೂ ಬೇಡ, ಓದು ನಿಲ್ಲಿಸುವುದೂ ಬೇಡ. ‘ಮೈನ್‌ಕ್ರಾಫ್ಟ್’ ಆಟವನ್ನು 2009ರಲ್ಲಿ ಆರಂಭಿಸಿದ ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ ಕೂಡ ನೌಕರಿ ಬಿಟ್ಟದ್ದು ಆಟದ ಮಾರಾಟ ಏರಿದ ಮೇಲೆಯೇ.

ಆಟ ಕಟ್ಟಿದ ಮಗುವನ್ನು ‘ಎಷ್ಟು ದುಡ್ಡು ಬಂತು’ ಎಂದು ಮೊದಲೇ ಕೇಳಬೇಡಿ. ‘ಯಾರಾದರೂ ಗೊತ್ತಿಲ್ಲದವರು ಆಡಿದರೇ? ಏನಂದರು?’ ಎಂದು ಕೇಳಿ. ಗುರುತು ಪರಿಚಯವಿಲ್ಲದ ಮೂವರು ಕೊನೆಯವರೆಗೆ ಆಡಿ ಎರಡು ತಪ್ಪು ಎತ್ತಿ ತೋರಿಸಿದ್ದರೆ, ಮುಂದಿನ ಆಟಕ್ಕೆ ಅದೇ ಬಂಡವಾಳ. ಇನ್ನೊಬ್ಬರ ಮನಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿದುಕೊಂಡ ಹುಡುಗಿ ನಾಳೆ ಯಾವ ಉದ್ಯೋಗಕ್ಕೆ ಹೋದರೂ ಆ ತಿಳಿವಳಿಕೆ ಅವಳ ಜೊತೆಗಿರುತ್ತದೆ.