ಹಳೇ ಸೈಕಲ್ಲಿಗೆ ನಾಲ್ಕು ದಿನ ಕೊಡಿ

ಹಿತ್ತಲ ಗೋಡೆಗೆ ಒರಗಿ ವರ್ಷಗಟ್ಟಲೆ ನಿಂತ ಸೈಕಲ್ಲನ್ನು ರಿಪೇರಿಗೆ ಒಯ್ದರೆ ಅಂಗಡಿಯಲ್ಲಿ ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಎಲ್ಲಾ ಜಾಮ್ ಆಗಿದೆ ಸಾರ್, ಹೊಡೆದೇ ಬಿಚ್ಚಬೇಕು.’ ಹಳೆಯ ಫ್ರೇಮು ತುಕ್ಕಿಗೆ ಸಾಯುವುದಕ್ಕಿಂತ ಈ ಹೊಡೆತಕ್ಕೆ ಸಾಯುವುದೇ ಹೆಚ್ಚು. ಇದಕ್ಕೆ ಮೆಕ್ಯಾನಿಕ್ಕನ್ನು ದೂರುವುದು ಸುಲಭ, ನ್ಯಾಯವಲ್ಲ. ಬೆಳಿಗ್ಗೆ ಬಿಟ್ಟ ಗಾಡಿ ಸಂಜೆಗೆ ಬೇಕು ಎನ್ನುವವರು ಗಿರಾಕಿಗಳು. ಹಾಕಿದ ಸಾಮಾನಿಗೆ ದುಡ್ಡು ಕೊಟ್ಟು, ಬಿಚ್ಚಲು ಹಿಡಿದ ಹೊತ್ತಿಗೆ ಚೌಕಾಸಿ ಮಾಡುವವರೂ ಅವರೇ. ಕಚ್ಚಿಕೊಂಡ ಭಾಗವನ್ನು ಫ್ರೇಮಿಗೆ ಏಟಾಗದಂತೆ ಬಿಡಿಸಲು ಬೇಕಾದ ಮುಖ್ಯ ಸಾಮಗ್ರಿ ಸಮಯ. ಅದಕ್ಕೆ ಬೆಲೆ ಕಟ್ಟದ ಹೊರತು ಸುತ್ತಿಗೆ ಕೆಳಗಿಳಿಯದು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸೀಟ್ ಪಿಲ್ಲರಿಗೂ ಅದು ಕೂತ ಪೈಪಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದಿ. ಅಲ್ಲಿ ತುಕ್ಕು ಹಿಗ್ಗಿದಾಗ ಎರಡೂ ಒಂದೇ ಕಬ್ಬಿಣದ ಹಾಗೆ ಬಿಗಿಯುತ್ತವೆ. ಗ್ರೀಸು, ಎಂಜಿನ್ ಆಯಿಲ್ ಆ ಸಂದಿಗೆ ಇಳಿಯದಷ್ಟು ದಪ್ಪ. ತೆಳ್ಳಗಿನ ಪೆನೆಟ್ರೇಟಿಂಗ್ ಆಯಿಲ್ ಇಳಿಯುತ್ತದೆ, ಆದರೆ ಗಂಟೆಯಲ್ಲಿ ಅಲ್ಲ. ಬೆಳಿಗ್ಗೆ ಸಂಜೆ ಬಿಡುತ್ತಾ ನಾಲ್ಕಾರು ದಿನ ಕಾಯಬೇಕು. ಕೆಳಗಿನ ಆಕ್ಸಲ್ ಬಿಚ್ಚಿದ್ದರೆ ಸೈಕಲ್ಲನ್ನು ತಲೆಕೆಳಗು ಮಾಡಿ ಆ ಕಡೆಯಿಂದಲೂ ಎಣ್ಣೆ ಬಿಡಬಹುದು. ಆಮೇಲೂ ಒಂದೇ ಸಲ ಎಳೆಯಬಾರದು. ಅತ್ತ ಸ್ವಲ್ಪ, ಇತ್ತ ಸ್ವಲ್ಪ ತಿರುಗಿಸುತ್ತಾ ಸಡಿಲಿಸಬೇಕು. ತಿರುಗಿಸುವ ದಿಕ್ಕಿನಲ್ಲೇ ಎಷ್ಟೋ ಫ್ರೇಮು ಕೆಟ್ಟಿವೆ. ನಮ್ಮ ಸೈಕಲ್ಲುಗಳು ಬ್ರಿಟಿಷ್ ಮಾದರಿಯವು: ಎಡ ಪೆಡಲಿಗೂ ಚೈನಿರುವ ಬಲಬದಿಯಲ್ಲಿ ಕೆಳಗಿನ ಆಕ್ಸಲ್ಲನ್ನು ಹಿಡಿಯುವ ಕಪ್ಪಿಗೂ ಉಲ್ಟಾ ತ್ರೆಡ್. ಅದನ್ನು ಮರೆತು ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಬಲ ಹಾಕಿದರೆ, ಬಿಚ್ಚುತ್ತಿದ್ದೇವೆ ಎಂದುಕೊಂಡೇ ಇನ್ನಷ್ಟು ಬಿಗಿ ಮಾಡಿರುತ್ತೇವೆ.

ಹಾಗೆಂದು ಸುತ್ತಿಗೆಯೇ ಬೇಡವೆಂದಲ್ಲ. ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನನ್ನೇ ನೋಡಿ. 9.5 ಮಿ.ಮೀ. ದಪ್ಪದ ಈ ಪಿನ್ನು ಹೊಡೆಯದೆ ಬರುವುದು ಅಪರೂಪ. ಕ್ರ್ಯಾಂಕಿನ ಕೆಳಗೆ ಆಸರೆಯಿಲ್ಲದೆ ಹೊಡೆದರೆ ಏಟೆಲ್ಲ ಆಕ್ಸಲ್ ಮೂಲಕ ಬಾಲ್ಸಿಗೆ, ಕಪ್ಪಿಗೆ ಹೋಗಿ ಅಲ್ಲಿ ಗುಳಿ ಬೀಳುತ್ತದೆ. ಪಿನ್ನು ಮಾತ್ರ ಬಾಗಿ ಅಲ್ಲೇ ಕೂರುತ್ತದೆ. ಬಲ್ಲವರು ಹೀಗೆ ಮಾಡುತ್ತಾರೆ: ಕ್ರ್ಯಾಂಕಿನ ಅಡಿಗೆ ನೆಲದಿಂದ ಗಟ್ಟಿ ಕಬ್ಬಿಣದ ಪೈಪು ನಿಲ್ಲಿಸುತ್ತಾರೆ, ಪಿನ್ನಿನ ಬಾಲ ಅದರ ತೂತಿನೊಳಗೆ ಇಳಿಯುವಂತೆ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಯ ಮಟ್ಟಕ್ಕೆ ಸಡಿಲಿಸಿ, ತ್ರೆಡ್ ಚಪ್ಪಟೆಯಾಗದಂತೆ ಕಾಯುತ್ತಾರೆ. ಆಮೇಲೆ ಹತ್ತು ಸಣ್ಣ ಏಟಿನ ಬದಲು ನೇರವಾಗಿ ಒಂದೇ ಭಾರಿ ಏಟು. ಅದಕ್ಕೂ ಬಾರದಿದ್ದರೆ ಡ್ರಿಲ್ ಹಾಕಿ ಕೊರೆದು ತೆಗೆಯುವುದು. ಪಿನ್ನು ಹಾಳಾದರೆ ಆಗಲಿ, ಪೇಟೆಯಲ್ಲಿ ಚಿಲ್ಲರೆ ದುಡ್ಡಿಗೆ ಇನ್ನೊಂದು ಸಿಗುತ್ತದೆ.

ಗ್ಯಾಸ್ ಹಚ್ಚಿ ಕಾಯಿಸಿದರೆ ಐದು ನಿಮಿಷದ ಕೆಲಸ ಎನ್ನುವವರಿದ್ದಾರೆ. ಕಾಯಿಸುವುದರಿಂದ ಉಪಯೋಗ ಇಲ್ಲದಿಲ್ಲ. ಆದರೆ 25 ಮಿ.ಮೀ. ಅಗಲದ ಉಕ್ಕಿನ ಪೈಪನ್ನು 100 ಡಿಗ್ರಿಯಷ್ಟು ಬಿಸಿ ಮಾಡಿದರೆ ಅದು ಹಿಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ. ತುಕ್ಕಿನ ಪದರ ಬಿರಿದು ಎಣ್ಣೆ ಒಳಗಿಳಿಯಲು ಅಷ್ಟು ಸಾಕು. ಕೆಂಪಗೆ ಕಾಯಿಸಿದರೆ ಪೇಂಟು, ಅದರ ಮೇಲಿನ ಗೆರೆ, ಕಂಪನಿಯ ಅಕ್ಷರ ಎಲ್ಲ ಸುಟ್ಟುಹೋಗುತ್ತವೆ, ಹಿತ್ತಾಳೆ ಬೆಸುಗೆಯ ಕೀಲಿಗೂ ಒಳ್ಳೆಯದಲ್ಲ. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪಿಲ್ಲರ್ ಕಚ್ಚಿದ್ದರಂತೂ ಬೆಂಕಿ ಉಲ್ಟಾ ಹೊಡೆಯುತ್ತದೆ, ಏಕೆಂದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಲ್ಲಿ ಪಿಲ್ಲರಿಗೆ ಮಂಜುಗಡ್ಡೆ ಒತ್ತುವುದೇ ಸರಿ.

ಇಷ್ಟೆಲ್ಲ ಯಾಕೆ, ಹೊಸದು ಕೊಂಡರಾಯಿತಲ್ಲ ಎಂಬ ಆಕ್ಷೇಪವೇ ಗಟ್ಟಿಯಾದದ್ದು. ಎಲ್ಲ ಹಳೆಯ ಸೈಕಲ್ಲೂ ಉಳಿಸಿಕೊಳ್ಳುವಂಥದ್ದಲ್ಲ, ಒಪ್ಪಿದೆ. ಪೈಪು ತುಕ್ಕಿಗೆ ತೂತುಬಿದ್ದಿದ್ದರೆ ಗುಜರಿಗೇ ಹಾಕಬೇಕು. ಆದರೆ ಪೈಪು ಗಟ್ಟಿಯಿದ್ದು ಪಿಲ್ಲರ್, ಪಿನ್ನು ಮಾತ್ರ ಕಚ್ಚಿದ್ದರೆ ಬಿಸಾಡುವುದು ದಂಡ. ಪಿಲ್ಲರ್, ಪಿನ್ನು, ಪೆಡಲ್, ಕಪ್ಪು ಎಲ್ಲವೂ ಇವತ್ತಿಗೂ ಬಿಡಿಯಾಗಿ ಸಿಗುತ್ತವೆ. ಅದೇ ಹಳೆಯ ಫ್ರೇಮು ಸಿಗದು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದ್ದರಿಂದ ಏನನ್ನಾದರೂ ಕತ್ತರಿಸಲೇಬೇಕಾದಾಗ ಬ್ಲೇಡು ಪಿಲ್ಲರಿಗೆ ಬೀಳಲಿ, ಫ್ರೇಮಿಗೆ ಬೇಡ.

ನಾಲ್ಕು ದಿನ ಅಂಗಡಿಯ ಜಾಗ ಹಿಡಿದು ನಿಂತ ಸೈಕಲ್ಲಿನಿಂದ ಮೆಕ್ಯಾನಿಕ್ಕಿಗೆ ಏನು ಗಿಟ್ಟುತ್ತದೆ ಎಂದು ಕೇಳಬಹುದು. ಇವತ್ತಿನ ಲೆಕ್ಕದಲ್ಲಿ ಏನೂ ಇಲ್ಲ. ಅದಕ್ಕೇ ಅವರು ಉಳಿ ಎತ್ತುವುದು. ನೀವು ಸೈಕಲ್ ಬಿಡುವಾಗಲೇ ಹೇಳಿ: ಅವಸರವಿಲ್ಲ, ಎಣ್ಣೆ ಬಿಟ್ಟು ಕಾಯಿರಿ, ಕಾದ ದಿನಗಳಿಗೂ ಸೇರಿಸಿ ಕೂಲಿ ಹೇಳಿ. ತಿರುಗಿ ಜೋಡಿಸುವಾಗ ಪಿಲ್ಲರಿಗೆ, ಹ್ಯಾಂಡಲ್ಲಿನ ದಂಡಿಗೆ, ಪೆಡಲಿನ ತ್ರೆಡ್ಡಿಗೆ ಗ್ರೀಸು ಸವರಿದ್ದಾರೆಯೇ ಎಂದೂ ಕೇಳಿ ತಿಳಿದುಕೊಳ್ಳಿ.