ವೀಕೆಂಡ್ ಟ್ರಿಪ್‌ಗೆ ‘ಇಕೋ’ ಉಡುಪು: ಲೇಬಲ್ ಹೇಳುವುದೆಲ್ಲ ನಿಜವೇ?

ಶುಕ್ರವಾರ ಸಂಜೆ ಚಿಕ್ಕಮಗಳೂರಿನ ರೆಸಾರ್ಟಿಗೆ ಹೊರಡಬೇಕು. ಶನಿವಾರ ರಾತ್ರಿ ಡಿನ್ನರ್, ಜೊತೆಗೆ ಸಾಲು ಸಾಲು ಫೋಟೊ. ಚೆಂದ ಕಾಣಬೇಕು, ಆದರೆ ನಾವು ತೊಡುವ ಬಟ್ಟೆಯಿಂದ ಯಾರಿಗೂ ಕೇಡಾಗಬಾರದು ಎಂಬ ಆಸೆ ಈಗ ಹಲವರಲ್ಲಿದೆ. ಆನ್‌ಲೈನ್ ಅಂಗಡಿ ತೆರೆದರೆ ‘ಇಕೋ’, ‘ವೀಗನ್’, ‘ಬಿದಿರಿನ ಬಟ್ಟೆ’ ಎಂಬ ಲೇಬಲ್‌ಗಳು ಕಾಣುತ್ತವೆ. ಅವನ್ನು ಎಷ್ಟು ನಂಬಬಹುದು?

ಬಿದಿರಿನ ಬಟ್ಟೆ ಪೂರ್ತಿ ನೈಸರ್ಗಿಕವೇ?

ಸಾಮಾನ್ಯವಾಗಿ ಅಲ್ಲ. ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ನೂಲು ತೆಗೆದರೆ ಸಿಗುವುದು ವಿಸ್ಕೋಸ್, ಅಂದರೆ ರೇಯಾನ್. ಇದಕ್ಕೆ ಬಳಸುವ ಕಾರ್ಬನ್ ಡೈಸಲ್ಫೈಡ್‌ನಿಂದ ಅಪಾಯವಿರುವುದು ಬಟ್ಟೆ ತೊಟ್ಟವರಿಗಲ್ಲ, ಕಾರ್ಖಾನೆಯಲ್ಲಿ ಅದರ ಆವಿಯನ್ನು ಉಸಿರಾಡುವ ಕಾರ್ಮಿಕರಿಗೆ. ಅದು ನರಗಳಿಗೆ ಹಾನಿ ಮಾಡುತ್ತದೆ. ಅಮೆರಿಕದಲ್ಲಿ ಇಂಥ ಬಟ್ಟೆಯನ್ನು ‘ಬಿದಿರಿನಿಂದ ಮಾಡಿದ ರೇಯಾನ್’ ಎಂದೇ ನಮೂದಿಸಬೇಕೆಂಬ ನಿಯಮವಿದೆ.

‘ವೀಗನ್ ಲೆದರ್’ ಪರಿಸರಸ್ನೇಹಿಯೇ?

ಪ್ರಾಣಿಯ ಚರ್ಮ ಇಲ್ಲ ಎಂಬುದು ನಿಜ. ಆದರೆ ಅದರಲ್ಲಿ ಹೆಚ್ಚಿನದು ಪಾಲಿಯುರೆಥೇನ್ ಅಥವಾ ಪಿವಿಸಿ, ಅಂದರೆ ಪ್ಲಾಸ್ಟಿಕ್. ಕೆಲವು ವರ್ಷಗಳಲ್ಲಿ ಸಿಪ್ಪೆಯೇಳುತ್ತದೆ, ಮಣ್ಣಿನಲ್ಲಿ ಬೇಗ ಕರಗುವುದಿಲ್ಲ.

ಹೊಲಿದವರ ಮಾತೇನು?

2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಗಾರ್ಮೆಂಟ್ಸ್ ಕಾರ್ಮಿಕರೇ ಹೆಚ್ಚು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. 2020ರಲ್ಲಿ ರಾಜ್ಯ ಸರ್ಕಾರ ತುಟ್ಟಿಭತ್ಯೆಯ ಏರಿಕೆಯನ್ನು ಮುಂದೂಡಿದಾಗ ಆ ವಿಷಯ ಹೈಕೋರ್ಟ್ ಮೆಟ್ಟಿಲೇರಿತು.

ಹತ್ತಿ, ರೇಷ್ಮೆ, ಪಾಲಿಯೆಸ್ಟರ್ ಎಂಬ ಚೀಟಿ ಹೊಲಿದವರ ಕೂಲಿಯನ್ನು ಹೇಳುವುದಿಲ್ಲ. ಸಿಲ್ಕ್ ಮಾರ್ಕ್ ಇದ್ದರೆ ರೇಷ್ಮೆ ಅಪ್ಪಟ ಎಂದಷ್ಟೇ ತಿಳಿಯುತ್ತದೆ. ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಕೈಮಗ್ಗದ್ದು ಎಂದು ಖಾತ್ರಿ. ಜಿಒಟಿಎಸ್ ಗುರುತು ಪಡೆಯಲು ಕನಿಷ್ಠ ಶೇ. 70ರಷ್ಟು ಸಾವಯವ ನಾರು ಇರಬೇಕು, ಜೊತೆಗೆ ಕಾರ್ಮಿಕರ ಹಕ್ಕುಗಳ ಷರತ್ತುಗಳನ್ನೂ ಪಾಲಿಸಬೇಕು.

ಹಾಗಾದರೆ ಏನು ತೊಡೋಣ?

ಹೊಸದನ್ನು ಕೊಳ್ಳುವ ಮೊದಲು ಬೀರು ತೆರೆಯೋಣ. ಬಟ್ಟೆಯನ್ನು ಒಂಬತ್ತು ತಿಂಗಳು ಹೆಚ್ಚು ತೊಟ್ಟರೆ ಅದರಿಂದಾಗುವ ಇಂಗಾಲ, ನೀರು ಮತ್ತು ಕಸದ ಹೊರೆ ಶೇ. 20ರಿಂದ 30ರಷ್ಟು ತಗ್ಗುತ್ತದೆ ಎಂಬುದು ಬ್ರಿಟನ್ನಿನ ‘ರಾಪ್’ ಸಂಸ್ಥೆಯ ಅಂದಾಜು.

ಪ್ರಯಾಣಕ್ಕೆ ಹಳೆಯ ಜೀನ್ಸ್, ಮೇಲೆ ಖಾದಿ ಶರ್ಟ್ ಅಥವಾ ಕುರ್ತಾ ಸಾಕು. ಬೆಟ್ಟ ಹತ್ತಲು ಈಗಾಗಲೇ ಇರುವ ಶೂ, ಚಳಿಗೆ ಒಂದು ಶಾಲು. ಡಿನ್ನರಿಗೆ ಅಮ್ಮನ ಮೈಸೂರು ರೇಷ್ಮೆ ಸೀರೆ ಉಡಬಹುದು. ಸಾದಾ ಸೀರೆಯೇ ಇದ್ದರೆ ಗುಳೇದಗುಡ್ಡ ಖಣದ ಕುಪ್ಪಸ ಅದಕ್ಕೆ ಕಳೆ ಕೊಡುತ್ತದೆ. ಗಂಡಸರಿಗೆ ಮದುವೆಗೆಂದು ಹೊಲಿಸಿ ಮಡಚಿಟ್ಟ ಜುಬ್ಬಾ ಇದೆ. ರೇಷ್ಮೆಯನ್ನು ಒಮ್ಮೆ ಉಟ್ಟ ಕೂಡಲೇ ಒಗೆಯಬೇಕಿಲ್ಲ, ನೆರಳಲ್ಲಿ ಗಾಳಿಗೆ ಹರಡಿದರೆ ಸಾಕು.

ಕೊಳ್ಳಲೇಬೇಕಾದರೆ? ‘ಇದನ್ನು ಮೂವತ್ತು ಸಲವಾದರೂ ತೊಡುತ್ತೇನೆಯೇ?’ ಎಂದು ಕೇಳಿಕೊಳ್ಳೋಣ. ಉತ್ತರ ಇಲ್ಲ ಎಂದಾದರೆ, ಲೇಬಲ್ ಎಷ್ಟೇ ಹಸಿರಾಗಿದ್ದರೂ ಅದು ಒಂದು ವಾರಾಂತ್ಯದ ಕಸ ಅಷ್ಟೇ. ಒಂದೇ ಸೀರೆ ಎರಡು ಫೋಟೊಗಳಲ್ಲಿ ಕಂಡರೆ ನಾಚಿಕೆಪಡುವಂಥದ್ದೇನೂ ಇಲ್ಲ.