ಪ್ರೇಮಿಸಿದವಳಿಗೆ ದಂಡವೇಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯ ಗೊರೇಬಾಳದಂಥ ಊರುಗಳಲ್ಲಿ ಪುಸ್ತಕಗಳಿಗೂ ಪಂಕ್ತಿಭೇದವುಂಟು. ಹರಿಕಥಾಮೃತಸಾರವೋ ಪ್ರಭುಲಿಂಗಲೀಲೆಯೋ ಆದರೆ ದೇವರ ಗೂಡಿಗೆ ಏರುವದು. ಪ್ರೇಮದ ಕಾದಂಬರಿಯಾದರೆ ತಲೆದಿಂಬಿನ ಕೆಳಗೆ ಅಡಗುವದು. ಮೊದಲನೆಯದನ್ನು ಓದುವ ಮಗಳು ಸುಶೀಲೆ, ಎರಡನೆಯದನ್ನು ಓದುವವಳು ಹಾದಿ ಬಿಟ್ಟವಳು ಎಂಬದು ಹಿರಿಯರ ನಿರ್ಣಯ. ಇನ್ನು ಪ್ರೇಮವೂ ಶ್ರದ್ಧೆಯೂ ಒಂದೇ ರಟ್ಟಿನೊಳಗೆ ಕೂಡಿ ಬಂದ ಪುಸ್ತಕವನ್ನು ಏನು ಮಾಡತಕ್ಕದ್ದು? ಅದಕ್ಕೂ ಒಂದು ಪರೀಕ್ಷೆಯುಂಟು. ಕಡೆಯ ಹಾಳೆಯನ್ನು ತೆರೆದು ನೋಡುವದು. ಪ್ರೇಮಿಸಿದ ಹೆಣ್ಣು ಬೆಂದು ಬಳಲಿ ಸತ್ತಿದ್ದರೆ ಅದು ಸದ್ಗ್ರಂಥ, ಸುಖವಾಗಿದ್ದರೆ ಅದು ಕಾಮಶಾಸ್ತ್ರ.

ಈ ಪರೀಕ್ಷೆಯಲ್ಲಿ ಮೊದಲ ವರ್ಗದಲ್ಲಿ ತೇರ್ಗಡೆಯಾದ ಕೃತಿ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’. 1965ರಲ್ಲಿ ಹೊರಬಂದ ಈ ಕಾದಂಬರಿಯು ಸಾಮಾನ್ಯವಾದುದಲ್ಲ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರಂಥ ಗಂಭೀರ ಪುರುಷನನ್ನು ಕನ್ನಡದ ಹೊಸ ಗದ್ಯ ವಿರಳವಾಗಿ ಕಂಡಿದೆ. ಆದರೆ ಅವರ ಸೊಸೆ ಕಾತ್ಯಾಯನಿಯ ಗತಿಯೇನಾಯಿತೆಂಬದನ್ನು ನೋಡಬೇಕು. ಗಂಡನು ಕಪಿಲೆಯ ಪಾಲಾದನು. ತರುಣಿ ಓದಲು ಹೋದಳು, ರಾಜನನ್ನು ಪ್ರೀತಿಸಿದಳು, ಮಗುವನ್ನು ಮಾವನ ಮನೆಯಲ್ಲಿಯೇ ಬಿಟ್ಟು ಅವನ ಕೈಹಿಡಿದಳು. ಕದ್ದುಮುಚ್ಚಿದ ಸಂಬಂಧವಲ್ಲ, ವಿವಾಹ. ಅಲ್ಲಿಂದ ಮುಂದೆ ಅವಳ ಗರ್ಭ ನಿಲ್ಲದು. ಒಂದರ ಮೇಲೊಂದು ಗರ್ಭಸ್ರಾವ, ಪಾಪಭೀತಿ, ಕ್ಷಯಿಸುವ ದೇಹ, ಮರಣ. ಕಾದಂಬರಿಕಾರರು ಬಾಯಿಬಿಟ್ಟು ಶಪಿಸುವದಿಲ್ಲ. ಶಾಪದ ಕೆಲಸವನ್ನು ಅವಳ ದೇಹದಿಂದಲೇ ಮಾಡಿಸುತ್ತಾರೆ.

ಇಲ್ಲಿ ಪೂರ್ವಪಕ್ಷವುಂಟು. ಶ್ರೋತ್ರಿಯರು ಸೊಸೆಯ ಮೇಲೆ ಸಿಟ್ಟಾಗಲಿಲ್ಲವಲ್ಲ. ಅವರ ವಂಶದ ಅಭಿಮಾನವೂ ಮುರಿಯಿತಲ್ಲ. ತಾವೇ ಆ ವಂಶದ ಬೀಜಕ್ಕೆ ಹುಟ್ಟಿದವರಲ್ಲವೆಂದು ಅವರಿಗೆ ತಿಳಿಯುವದಲ್ಲ. ಆದುದರಿಂದ ಕರ್ತೃವು ಪಕ್ಷಪಾತಿಯಲ್ಲ ಎಂದು ಹೇಳುವವರು ಅನೇಕರು. ಮಾತು ನಿಜವೇ, ಆದರೆ ಆ ನಿಜವೇ ಆಕ್ಷೇಪವನ್ನು ಬಲಪಡಿಸುವದು. ವಂಶ ಕೆಟ್ಟಿತೆಂಬ ಪೆಟ್ಟು ಇಬ್ಬರಿಗೂ ಬಿದ್ದಿತು. ಶ್ರೋತ್ರಿಯರಿಗೆ ಅದರಿಂದ ವೈರಾಗ್ಯ ಹುಟ್ಟಿ ಅವರು ಮನೆ ಬಿಟ್ಟು ಸಂನ್ಯಾಸದ ದಾರಿ ಹಿಡಿದರು. ಕಾತ್ಯಾಯನಿಯು ಸುಡುಗಾಡಿನ ದಾರಿ ಹಿಡಿದಳು. ಒಂದೇ ಪ್ರಶ್ನೆಗೆ ಗಂಡಿಗೊಂದು ಉತ್ತರ, ಹೆಣ್ಣಿಗೊಂದು ಉತ್ತರ.

ಇದು ಬರಿಯ ಸಾಹಿತ್ಯದ ಜಗಳವಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಗರ್ಭ ಇಳಿದುಹೋದ ಸೊಸೆಯನ್ನು ‘ಏನು ಪಾಪ ಮಾಡಿದ್ದೀಯೇ ತಾಯೀ’ ಎಂದು ಕೇಳುವ ಬಾಯಿಗಳು ಹಳ್ಳಿಯಲ್ಲಿ ಇನ್ನೂ ಮುಚ್ಚಿಲ್ಲ. ಮೊದಲ ತಿಂಗಳುಗಳ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣವೆಂದು ವೈದ್ಯರು ಕಂಡುಕೊಂಡಿದ್ದಾರೆ. ಉಳಿದವಕ್ಕೂ ಬೇರೆ ಬೇರೆ ಕಾರಣಗಳನ್ನು ಹೇಳುತ್ತಾರೆ. ಪುನರ್ವಿವಾಹವು ಆ ಪಟ್ಟಿಯಲ್ಲಿ ಇಲ್ಲ. ಆ ಬಾಯಿಗಳಿಗೆ ಪ್ರತಿಭಾವಂತ ಲೇಖಕರೊಬ್ಬರು ಮಾತು ಒದಗಿಸಿಕೊಟ್ಟರೆ ಅದರ ಭಾರವನ್ನು ಹೊರುವವಳು ಓದು ಬಾರದ ಸೊಸೆ.

ಕನ್ನಡದಲ್ಲಿ ಶ್ರದ್ಧೆಯ ಪಕ್ಷವು ಮೊದಲಿನಿಂದಲೂ ಹೀಗೆಯೇ ಮಾತನಾಡಿತೇ ಎಂದರೆ, ಇಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದದ್ದು, ಪ್ರಕಟವಾದದ್ದು 1899ರಲ್ಲಿ. ಅಲ್ಲಿಯ ನಾಯಿಕೆಯೂ ಬಾಲವಿಧವೆಯೇ. ಸಂತಮಂಡಳಿಯೆಂಬ ಹೆಸರಿಟ್ಟುಕೊಂಡ ಕಪಟಿಗಳ ಕೈಗೆ ಸಿಕ್ಕದೆ ಮನೆಯಿಂದ ಪಾರಾಗಿ, ಅಮೃತರಾಯರ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರರಾಯನನ್ನು ವರಿಸುತ್ತಾಳೆ. ಆ ಪುಸ್ತಕಕ್ಕೆ ಕರ್ತೃವು ಇಟ್ಟ ಎರಡನೆಯ ಹೆಸರು ‘ಸದ್ಧರ್ಮವಿಜಯ’. ವಿಧವೆ ಮರಳಿ ಮದುವೆಯಾದದ್ದು ಧರ್ಮದ ಗೆಲುವು! ಬ್ರಿಟಿಷ್ ಇಂಡಿಯಾದಲ್ಲಿ ಕಾಯಿದೆಯು ಅಂಥ ಮದುವೆಯನ್ನು ಒಪ್ಪಿದ್ದು 1856ರಲ್ಲಿ. ಕಾದಂಬರಿ ಒಪ್ಪಿದ್ದು 1899ರಲ್ಲಿ. ಆ ಬಳಿಕ 66 ವರ್ಷ ಮುಂದೆ ನಡೆದು ಬಂದ ಓದುಗನಿಗೆ ದೊರೆತದ್ದು ಕಾತ್ಯಾಯನಿಯ ಹೆಣ. ಇದು ಯಾವ ಬಗೆಯ ಪ್ರಗತಿ?

ಇನ್ನೂ ಹಿಂದಕ್ಕೆ ಹೋಗಬಹುದು. ರಾಯಚೂರು ಸೀಮೆಯೆಂದರೆ ದಾಸರ ಸೀಮೆ: ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು. ಆ ಗೋಪಾಲದಾಸರ ಅನುಗ್ರಹ ಪಡೆದವಳೆಂದು ಪರಂಪರೆ ಹೇಳುವ ಹೆಳವನಕಟ್ಟೆ ಗಿರಿಯಮ್ಮನು ಸಂಸಾರಸುಖವನ್ನು ಬೇಡವೆಂದವಳು. ಅವಳು ಹಾಡಿದ್ದೇನು? ಚಂದ್ರಹಾಸನ ಕಥೆಯನ್ನು! ಲಕ್ಷ್ಮೀಶನ ಜೈಮಿನಿ ಭಾರತದಿಂದ ಊರೂರಿಗೆ ತಿಳಿದ ಕಥೆ ಅದು. ಹರಿಭಕ್ತನಾದ ಹುಡುಗನ ಕೈಯಲ್ಲಿ ಅವನ ಮರಣಶಾಸನವನ್ನೇ ಕೊಟ್ಟು ದುಷ್ಟಬುದ್ಧಿಯು ಕಳುಹಿಸುತ್ತಾನೆ. ತೋಟದಲ್ಲಿ ಮಲಗಿದ್ದ ಅವನನ್ನು ಕಂಡು ಮೋಹಗೊಂಡ ವಿಷಯೆಯು ಓಲೆಯನ್ನು ಓದಿ, ತನ್ನ ಕಣ್ಣಿನ ಕಾಡಿಗೆಯಿಂದ ಒಂದಕ್ಷರವನ್ನು ತಿದ್ದುತ್ತಾಳೆ. ವಿಷ ಹೋಗಿ ವಿಷಯೆ ಆಗುತ್ತದೆ. ಭಗವಂತನು ತನ್ನ ಭಕ್ತನನ್ನು ಕಾಯಬೇಕಾದಾಗ ಚಕ್ರವನ್ನು ಕಳುಹಲಿಲ್ಲ, ಒಲಿದ ಹೆಣ್ಣಿನ ಉಗುರಿನ ತುದಿಯನ್ನು ಬಳಸಿಕೊಂಡನು. ಆ ಕಥೆಯಲ್ಲಿ ಹೆಣ್ಣಿನ ಒಲವನ್ನು ಪಾಪವೆಂದು ಬಗೆದು, ಮಗಳು ವಿಧವೆಯಾದರೂ ಸರಿಯೇ ಅಳಿಯನು ಸಾಯಲೆಂದು ಹೂಡಿದವನು ಒಬ್ಬನೇ ಒಬ್ಬ. ಅವನ ಹೆಸರು ದುಷ್ಟಬುದ್ಧಿ. ಪುರಾಣಕಾರರು ಹೆಸರಿಡುವದರಲ್ಲಿ ಸಂಕೋಚಪಟ್ಟವರಲ್ಲ.

ಸಂಸ್ಕೃತ ಪಾಠಶಾಲೆಗಳಲ್ಲಿ ಕುಮಾರಸಂಭವದ ಐದನೆಯ ಸರ್ಗವನ್ನು ಮಡಿಯುಟ್ಟ ಪಂಡಿತರೇ ಹುಡುಗರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಪಾರ್ವತಿಯ ತಪಸ್ಸು ಮೋಕ್ಷಕ್ಕಲ್ಲ, ತಾನು ಮೆಚ್ಚಿದ ವರನಿಗಾಗಿ. ಯಾವ ಪಂಡಿತನೂ ಆ ಸರ್ಗವನ್ನು ತಲೆದಿಂಬಿನ ಕೆಳಗೆ ಇಡಲಿಲ್ಲ.

‘ಸಂಸ್ಕಾರ’ದ ಮಾತನ್ನೂ ಎತ್ತುವವರುಂಟು, ಅನಂತಮೂರ್ತಿಯವರ ಆ ಕಾದಂಬರಿಯೂ 1965ರದೇ. ಅಗ್ರಹಾರದ ಶಾಸ್ತ್ರಜ್ಞರೆಲ್ಲ ಹೆಣದ ಮುಂದೆ ಚರ್ಚಿಸುತ್ತ ಕುಳಿತಾಗ, ನಾರಣಪ್ಪನ ಜೊತೆಗಿದ್ದ ಚಂದ್ರಿಯು ತನ್ನ ಬಂಗಾರವನ್ನು ಬಿಚ್ಚಿ ಮುಂದಿಟ್ಟಳು; ಕೊನೆಗೆ ಇರುಳಿನಲ್ಲಿ ದಹನವನ್ನೂ ತಾನೇ ಮಾಡಿಸಿದಳು. ಇಲ್ಲಿ ಪ್ರೇಮಿಸಿದವಳಿಗೆ ದಂಡವಿಲ್ಲವೆಂಬದು ಸಮಾಧಾನದ ಸಂಗತಿ. ಆದರೆ ಅವಳು ಕುಂದಾಪುರದ ಹಾದಿ ಹಿಡಿದ ಮೇಲೆ ಕಾದಂಬರಿಯು ಪ್ರಾಣೇಶಾಚಾರ್ಯರ ಮನಸ್ಸಿನ ಬೆನ್ನುಹತ್ತಿ ನಡೆಯುವದೇ ಹೊರತು ಅವಳತ್ತ ತಿರುಗಿಯೂ ನೋಡುವದಿಲ್ಲ. ಸಂಸ್ಕಾರ ಮಾಡಿದವಳು ಯಾರು, ಪುಸ್ತಕದ ತುಂಬ ಉಳಿದವರು ಯಾರು!

ಹಾಗಾದರೆ ವಂಶವೃಕ್ಷವನ್ನು ಓದಬಾರದೇ ಎಂದು ಕೆಲವರು ಕೇಳಬಹುದು. ಓದಬೇಕು, ಮನೆಯ ಪಡಸಾಲೆಯಲ್ಲಿಯೇ ಕುಳಿತು ಓದಬೇಕು. ಆದರೆ ಅದನ್ನು ಮಗಳ ಕೈಗೆ ಕೊಡುವ ತಂದೆಯು ಜೊತೆಗೆ ಇಂದಿರಾಬಾಯಿಯನ್ನೂ ಗಿರಿಯಮ್ಮನ ಚಂದ್ರಹಾಸನ ಕಥೆಯನ್ನೂ ಕೊಡಲಿ. ಮೂರನ್ನೂ ಮುಗಿಸಿದ ಮೇಲೆ ಅವಳು ಏನು ಹೇಳುವಳೆಂಬದನ್ನು ನಡುವೆ ಬಾಯಿ ಹಾಕದೆ ಕೇಳಲಿ.